ಪಾರ್ಸಿಕ್ ಸುರಂಗದಲ್ಲಿ ಸತ್ತ ಆಂಟಿವೈರಸ್

ಕುತ್ತಿಗೆಗೆ ಕಂಪನಿಯ ಗುರುತಿನ ಪಟ್ಟಿ ನೇತುಹಾಕಿಕೊಂಡ ಕನ್ನಡ ಮನೆಗಳ ಮಕ್ಕಳು ನಮ್ಮ ಡೊಂಬಿವಲಿ ಸೊಸೈಟಿಯ ಲಿಫ್ಟಿನಲ್ಲಿ ಸಿಕ್ಕಾಗ, "ಆಂಟಿ, ಸರ್ವರ್ ಕೆಲಸದಲ್ಲಿ ನಿಜವಾಗಿ ಏನಿರುತ್ತದೆ?" ಎಂದು ಕೇಳುತ್ತಾರೆ. ಅವರು ಕೇಳುವುದು ಹಿಂದಿಯಲ್ಲಿ, ನಾನು ಹೇಳುವುದು ಕನ್ನಡದಲ್ಲಿ. ಅರ್ಥವೇನೋ ಆಗುತ್ತದೆ, ಆದರೆ ಮಾತು ಮುಗಿಯುವ ಮೊದಲೇ ಅವರ ಮಹಡಿ ಬಂದುಬಿಡುತ್ತದೆ. ಲಿಫ್ಟಿನಲ್ಲಿ ಉಳಿದುಹೋದ ಆ ಮಾತುಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮಾಡಿದ್ದು ಕಂಪನಿಗಳ ಮೇಲ್ ಸರ್ವರ್ ನೋಡಿಕೊಳ್ಳುವ ಕೆಲಸ. ಮಹಾಪೆಯಲ್ಲಿ ನಮ್ಮದೊಂದು ಸಣ್ಣ ಸಂಸ್ಥೆ. ಗಿರಾಕಿಗಳು ಕಲ್ಯಾಣದಿಂದ ಖಾರಘರದವರೆಗೆ ಚದುರಿಕೊಂಡಿದ್ದರು. ಎಲ್ಲವೂ ಯುನಿಕ್ಸ್ ಜಾತಿಯ ಯಂತ್ರಗಳು. ಬಂದ ಪ್ರತಿಯೊಂದು ಮೇಲನ್ನೂ ಬಿಚ್ಚಿ, ಮೂಸಿ, ಆಮೇಲೆ ಒಳಗೆ ಬಿಡುವ ಆಂಟಿವೈರಸ್ ಎಂಬ ಕಾವಲುಗಾರನೊಬ್ಬ ಪ್ರತಿ ಯಂತ್ರದಲ್ಲೂ ಇರುತ್ತಾನೆ. ನನ್ನ ಅರ್ಧ ಆಯುಷ್ಯ ಇವನನ್ನು ನಿದ್ದೆಯಿಂದ ಎಬ್ಬಿಸುವುದರಲ್ಲೇ ಕಳೆಯಿತು. ಕೆಲಸ ಮಾಡುತ್ತಿರುವಷ್ಟು ಹೊತ್ತು ಅವನ ಸದ್ದೇ ಇಲ್ಲ. ಯಂತ್ರ ಒಮ್ಮೆ ಬಂದಾಗಿ ಮತ್ತೆ ಚಾಲೂ ಆಗುವಾಗ ಮಾತ್ರ ಅವನ ರಂಪ ನೋಡಬೇಕು.

ಅಂಥ ಒಂದು ರಂಪದ ನಡುವೆ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಬಣ್ಣದ ಕಾರ್ಖಾನೆಯಲ್ಲಿ ಶರಣಪ್ಪ ಎಂಬವನ ಮೊದಲ ಕಂಟೇನರ್ ಸಿಕ್ಕಿಹಾಕಿಕೊಂಡಿತು. ಆ ಕಂಟೇನರ್ ಹಡಗು ಹತ್ತಿದರೆ ಅವನ ಬದುಕು ಒಂದು ದಾರಿ, ಹತ್ತದಿದ್ದರೆ ಇನ್ನೊಂದು. ನಾನು ಹೇಳಹೊರಟಿರುವುದು ಆ ದಿನದ ಕತೆ. ಆದರೆ ಅದಕ್ಕೂ ಹಿಂದಿನ ಎರಡು ಸಂಗತಿ ಗೊತ್ತಿಲ್ಲದಿದ್ದರೆ ಅವತ್ತು ನಾನೇಕೆ ಅಷ್ಟು ಹಟ ಹಿಡಿದೆ ಎನ್ನುವುದು ತಿಳಿಯುವುದಿಲ್ಲ.

ಮೊದಲನೆಯದು ನಮ್ಮ ರಾವ್ ಸಾರ್ ಅವರದು. ಸಂಸ್ಥೆ ಕಟ್ಟಿದವರು, ಉಡುಪಿ ಕಡೆಯವರು, ಮಾತಿನಲ್ಲಿ ಜೇನು, ಕೈಯಲ್ಲಿ ಅವಸರ. ಠಾಣೆಯ ವಕೀಲರೊಬ್ಬರ ಕಚೇರಿಯಲ್ಲಿ ಆಂಟಿವೈರಸ್ ಏಳುತ್ತಿರಲಿಲ್ಲ. ಸಾರ್ ನನ್ನನ್ನು ಪಕ್ಕಕ್ಕೆ ಸರಿಸಿ, ರೂಟ್ ಎಂಬ ಹೆಸರಿನಲ್ಲಿ, ಎಂದರೆ ಯಂತ್ರದ ಯಜಮಾನನಾಗಿ ಒಳಹೊಕ್ಕು, ಕೈಯಾರೆ ಆಜ್ಞೆ ಒತ್ತಿದರು. ಅದು ಎದ್ದು ಕೂತಿತು.

"ಎಂತ ಸುಮಿತ್ರಾ, ಇಷ್ಟೇ ಅಲ್ವಾ? ಇದಕ್ಕೆ ನೀವು ಬೆಳಗ್ಗಿನಿಂದ ಕೂತದ್ದಾ?"

ಚಹಾ ಕುಡಿದು ಹೊರಟೆವು. ಮರುದಿನ ಯಂತ್ರವನ್ನು ಬಂದ್ ಮಾಡಿ ಚಾಲೂ ಮಾಡಿದರೆ ಅದು ಮತ್ತೆ ಮಲಗಿತ್ತು, ಈ ಸಲ ಇನ್ನಷ್ಟು ಗಾಢವಾಗಿ. ನಡೆದದ್ದಿಷ್ಟು: ಆಂಟಿವೈರಸ್ ದಿನವೂ ಓಡುವುದು ತನ್ನದೇ ಆದ ಬಡಪಾಯಿ ಹೆಸರಿನಲ್ಲಿ. ಸಾರ್ ಅದನ್ನು ಯಜಮಾನನ ಹೆಸರಿನಲ್ಲಿ ಎಬ್ಬಿಸಿದಾಗ ಅದು ಬರೆದ ಕಡತಗಳೆಲ್ಲ ಯಜಮಾನನ ಸೊತ್ತಾದವು. ಮರುದಿನ ಬಡಪಾಯಿ ಎದ್ದು ಬಂದರೆ ತನ್ನ ಲಾಗಿನಲ್ಲಿ, ಎಂದರೆ ದಿನಚರಿಯ ಕಡತದಲ್ಲಿ, ಒಂದು ಸಾಲು ಬರೆಯಲೂ ಅಪ್ಪಣೆಯಿಲ್ಲ. ಮನೆಗೆ ಬಂದ ದೊಡ್ಡ ನೆಂಟರು ಅಡುಗೆಮನೆಯ ಡಬ್ಬಿಗಳಿಗೆಲ್ಲ ಬೀಗ ಹಾಕಿ, ಕೀಲಿ ಕಿಸೆಯಲ್ಲಿಟ್ಟುಕೊಂಡು ಹೋದ ಹಾಗೆ. ಕಡತಗಳನ್ನು ಮತ್ತೆ ಅದರ ಹೆಸರಿಗೆ ಮಾಡಿಕೊಟ್ಟ ಮೇಲೆ ಸದ್ದಿಲ್ಲದೆ ಎದ್ದಿತು.

"ನಾನು ಬಂದೆನಲ್ಲ, ಗೌರವಕ್ಕೆ ಮಲಗಿದ್ದು ಅದು" ಎಂದು ಸಾರ್ ನಕ್ಕುಬಿಟ್ಟರು. ಎದ್ದಿದೆಯೋ ಇಲ್ಲವೋ ಎಂದು ನೋಡಿದರೆ ಸಾಲದು, ಯಾರ ಹೆಸರಿನಲ್ಲಿ ಎದ್ದಿದೆ ಎಂದೂ ನೋಡಬೇಕು ಎನ್ನುವುದನ್ನು ನಾನು ಅಂದೇ ಕಲಿತೆ.

ಎರಡನೆಯದರಲ್ಲಿ ನಗು ಇಲ್ಲ. ಖಾರಘರದ ಗುಡ್ಡದ ಕೆಳಗೆ ಒಬ್ಬ ಆರ್ಕಿಟೆಕ್ಟರ ಕಚೇರಿ. ಅಲ್ಲಿಯೂ ಇದೇ ತಾಪತ್ರಯ. ಅರ್ಜೆಂಟ್ ಮೇಲ್ ಬರಬೇಕಿದೆ, ಕಾವಲುಗಾರನನ್ನು ಸ್ವಲ್ಪ ಹೊತ್ತು ಬದಿಗೆ ಸರಿಸಿ ಎಂದು ಆತ ಹಟ ಹಿಡಿದರು. ಗಿರಾಕಿ ಹೇಳಿದ ಮೇಲೆ ನಮ್ಮ ಕಡೆಯವರು ಸರಿಸಿದರು. ಆ ಸ್ವಲ್ಪ ಹೊತ್ತಿನಲ್ಲಿ ಬಿಲ್ಲಿನ ವೇಷ ಹಾಕಿಕೊಂಡು ಒಂದು ಮೇಲ್ ಒಳಗೆ ಬಂತು. ಯಾರೋ ತೆರೆದರು. ಮಧ್ಯಾಹ್ನದ ಹೊತ್ತಿಗೆ ಕಚೇರಿಯ ಒಂದು ನಕ್ಷೆಯೂ ತೆರೆಯುತ್ತಿರಲಿಲ್ಲ, ಎಲ್ಲಕ್ಕೂ ಯಾರೋ ಹೊರಗಿನವರು ಬೀಗ ಜಡಿದಿದ್ದರು. ಸದಾ ನಿಂತೇ ಮಾತಾಡುತ್ತಿದ್ದ ಆ ಮನುಷ್ಯ ಮೆಟ್ಟಿಲ ಮೇಲೆ ಕೂತು ಗೋಡೆ ನೋಡುತ್ತಿದ್ದರು. ಅಂದಿನಿಂದ ನಮ್ಮ ಎಲ್ಲ ಸರ್ವರುಗಳಿಗೂ ಒಂದೇ ನಿಯಮ: ಕಾವಲುಗಾರ ಏಳದಿದ್ದರೆ ಬಾಗಿಲು ತೆರೆಯಕೂಡದು. ಮೇಲ್ ತಂದ ಹೊರಗಿನ ಸರ್ವರಿಗೆ "ಆಮೇಲೆ ಬಾ" ಎನ್ನಬೇಕು. ಅದು ಹೋಗಿ ಸ್ವಲ್ಪ ಹೊತ್ತು ಬಿಟ್ಟು ತಾನಾಗಿ ಮತ್ತೆ ಬರುತ್ತದೆ.

ಇನ್ನು ಶರಣಪ್ಪನ ದಿನ.

ಕಲಬುರಗಿ ಕಡೆಯಿಂದ ಹಮಾಲಿ ಕೆಲಸಕ್ಕೆ ಬಂದವನು ಅವನು. ಆ ಕಾರ್ಖಾನೆಯ ಅಂಗಳದಲ್ಲಿ ಚೀಲ ಹೊತ್ತು, ಚೀಲ ಹೊರುವವರ ಮೇಲೆ ನಿಗಾ ಇಟ್ಟು, ಎರಡು ಬೆರಳಲ್ಲಿ ಟೈಪಿಂಗ್ ಕಲಿತು, ಈಗ ಮೊದಲ ಸಲ ಒಂದು ಕಂಟೇನರಿನ ಪೂರ್ತಿ ಉಸ್ತುವಾರಿ ಪಡೆದಿದ್ದ. ಕಾರ್ಖಾನೆಯ ಸೇಠ್ ಎಲ್ಲರೆದುರೇ ಹೇಳಿದ್ದರು: ಇದು ಇವತ್ತು ಬಂದರಿನ ಗೇಟು ದಾಟಿದರೆ ಡಿಸ್ಪ್ಯಾಚ್ ವಿಭಾಗವೇ ನಿನ್ನದು, ದಾಟದಿದ್ದರೆ ಮತ್ತೆ ಚೀಲದ ಹತ್ತಿರ ಹೋಗು.

ಕಂಟೇನರ್ ತುಂಬಿ, ಸೀಲಾಗಿ, ಟ್ರಕ್ಕಿನ ಮೇಲೆ ಗೇಟಿನಲ್ಲಿ ನಿಂತಿತ್ತು. ಬಾಕಿಯಿದ್ದದ್ದು ಬಂದರಿನ ಗೇಟ್ ಚೀಟಿ ಒಂದೇ. ಅದನ್ನು ಸರಕು ಸಾಗಿಸುವ ಏಜೆಂಟನ ಕಂಪ್ಯೂಟರ್ ಕಳಿಸುವುದು ಮೇಲಿನಲ್ಲಿ, ಅದೂ ನೋಂದಾಯಿಸಿದ ಕಾರ್ಖಾನೆಯ ವಿಳಾಸಕ್ಕೆ ಮಾತ್ರ. ಫೋನಿಗೆ ಕಳಿಸಿ, ಬೇರೆ ವಿಳಾಸಕ್ಕೆ ಕಳಿಸಿ ಎಂದರೆ ಅಲ್ಲಿ ಕೇಳುವವರಿಲ್ಲ. ಆ ವಿಳಾಸದ ಸರ್ವರಿನಲ್ಲಿ ನಮ್ಮ ಕಾವಲುಗಾರ ಮಲಗಿದ್ದ. ಹಿಂದಿನ ದಿನ, ರವಿವಾರ, ಆ ಯಂತ್ರದ ಯುನಿಕ್ಸನ್ನು ಹೊಸ ಆವೃತ್ತಿಗೆ ಏರಿಸಿದ್ದೆವು. ಅವತ್ತು ಸೋಮವಾರ, ಬೆಳಗ್ಗಿನಿಂದ ಒಂದು ಮೇಲೂ ಒಳಗೆ ಬಂದಿರಲಿಲ್ಲ.

ನಾನು ಹೋಗಿ ಮುಟ್ಟುವ ಹೊತ್ತಿಗೆ ನಮ್ಮ ಇಂಜಿನಿಯರ್ ಪ್ರಾಜಕ್ತಾ ಕೀಬೋರ್ಡ್ ಮುಂದೆ ಕೂತಿದ್ದಳು. ಕಲ್ಯಾಣದ ಮರಾಠಿ ಹುಡುಗಿ, ಮಾತು ಕಡಿಮೆ, ಓದು ಜಾಸ್ತಿ. ಬಾಗಿಲಲ್ಲಿ ಶರಣಪ್ಪ.

"ಅಕ್ಕಾರ, ನಿಮ್ಮ ಕಾವಲಿಯಂವ ಮಕ್ಕೊಂಡಾನಂತಲ್ರಿ. ಎಬ್ಬಸ್ರಿ ಅವಂಗ. ನನ್ನ ಗಾಡಿ ನಿಂತದ."

"ಎಬ್ಬಿಸ್ತಾ ಇದ್ದೇವೆ ಶರಣಪ್ಪ."

"ನಮ್ಮ ಹುಡುಗ್ರು ಡ್ಯೂಟಿ ಮ್ಯಾಲ ಮಕ್ಕೊಂಡ್ರ ನಾ ಒಂದು ಬಕೀಟ್ ನೀರು ಸುರೀತೀನ್ರಿ. ಟಣ್ಣಂತ ಏಳ್ತಾರ."

"ಇಲ್ಲಿ ಮಾತ್ರ ಸುರಿಯಬೇಡಿ ಮಾರಾಯ್ರೆ."

ಪ್ರಾಜಕ್ತಾ ಲಾಗಿನ ಸಾಲುಗಳ ಮೇಲೆ ಬೆರಳಿಟ್ಟಳು. "ಮ್ಯಾಡಮ್, ಬಘಾ. ಹಾ ಮರತ್ ನಾಹೀ, ಯಾಲಾ ಮಾರತಾಯತ್." ನೋಡಿ ಮ್ಯಾಡಮ್, ಇವನು ತಾನಾಗಿ ಸಾಯುತ್ತಿಲ್ಲ, ಇವನನ್ನು ಕೊಲ್ಲುತ್ತಿದ್ದಾರೆ ಎಂದಳು.

ಸರಿಯಾಗಿ ಹಿಡಿದಿದ್ದಳು. ನಮ್ಮ ಕಾಲದ ಯುನಿಕ್ಸಿನಲ್ಲಿ ಪ್ರೋಗ್ರಾಮುಗಳನ್ನು ಸಾಲಾಗಿ ಎಬ್ಬಿಸುವ ಒಂದು ಸಾದಾ ಪಟ್ಟಿ ಇರುತ್ತಿತ್ತು. ಏಳುವವರು ತಮ್ಮ ಪಾಡಿಗೆ ಏಳಬಹುದಿತ್ತು. ಹೊಸದರಲ್ಲಿ ಎಬ್ಬಿಸುವ ಕೆಲಸಕ್ಕೆ ಕೈಗಡಿಯಾರ ಕಟ್ಟಿದ ಮುಕಾದಮನೊಬ್ಬ, ಎಂದರೆ ಮೇಸ್ತ್ರಿಯೊಬ್ಬ, ಬಂದಿದ್ದಾನೆ. ಅವನು ಕೊಟ್ಟ ಸಮಯದೊಳಗೆ ಏಳುವವನು "ತಯಾರಾದೆ" ಎನ್ನದಿದ್ದರೆ, ಇವನು ಕೆಟ್ಟಿದ್ದಾನೆ ಎಂದು ಕೊಂದು, ಮತ್ತೆ ಮೊದಲಿನಿಂದ ಎಬ್ಬಿಸುತ್ತಾನೆ. ನಮ್ಮ ಕಾವಲುಗಾರನಾದರೋ ಏಳುವ ಮೊದಲು ಜಗತ್ತಿನ ಕಳ್ಳರೆಲ್ಲರ ಗುರುತನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಗುರುತುಗಳ ಪಟ್ಟಿ ವರ್ಷದಿಂದ ವರ್ಷಕ್ಕೆ ಊದಿಕೊಂಡಿತ್ತು, ಆ ಯಂತ್ರದ ಮೆಮೊರಿ ಮಾತ್ರ ಹಾಗೇ ಉಳಿದಿತ್ತು. ಹೆಚ್ಚಿಸಿ ಎಂದು ನಾನು ಕೇಳಿದಾಗಲೆಲ್ಲ ಸೇಠ್, "ಚಲ್ ತೋ ರಹಾ ಹೈ", ನಡೆಯುತ್ತಿದೆಯಲ್ಲ, ಎನ್ನುತ್ತಿದ್ದರು. ಪಾಠ ಮುಗಿಯುವಷ್ಟರಲ್ಲಿ ಮುಕಾದಮ ಕತ್ತು ಹಿಸುಕುತ್ತಿದ್ದ. ಬೆಳಗ್ಗಿನಿಂದ ಇದೇ ಕತೆ.

ಮುಕಾದಮನಿಗೆ ಇನ್ನಷ್ಟು ತಾಳ್ಮೆ ಕೊಡುವ ಒಂದು ಸಾಲು ಬರೆದೆವು. ಚಾಲೂ ಮಾಡಿದೆವು. ಮೆಮೊರಿಯ ಅಂಕಿ ನಿಧಾನವಾಗಿ ಮೇಲೇರತೊಡಗಿತು. ಇನ್ನು ಕೈಕಟ್ಟಿ ಕೂರುವುದಷ್ಟೇ ಕೆಲಸ. ಕೈಕಟ್ಟಿ ಕೂರುವುದು ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು, ಯಾಕೆಂದರೆ ನೋಡುವವರಿಗೆ ನಾವು ಏನೂ ಮಾಡುತ್ತಿಲ್ಲ ಅನ್ನಿಸುತ್ತದೆ.

ಆಗಲೇ ಪ್ರಾಜಕ್ತಾಳಿಗೆ ರಾವ್ ಸಾರ್ ಫೋನ್ ಬಂತು. ಠಾಣೆಯಿಂದ ಫಾಸ್ಟ್ ಲೋಕಲ್ ಹಿಡಿದು ಇತ್ತ ಬರುತ್ತಿದ್ದರು. ಆಗೆಲ್ಲ ಫಾಸ್ಟ್ ಗಾಡಿಗಳು ಪಾರ್ಸಿಕ್ ಸುರಂಗದೊಳಗಿಂದಲೇ ಹೋಗುತ್ತಿದ್ದವು. ಅವಳನ್ನು ಮರಾಠಿಯಲ್ಲೇ ಕೇಳಿದರು, ಅದು ಏಳುತ್ತಿದೆಯಾ ಎಂದು. ಇವಳೂ ಮರಾಠಿಯಲ್ಲೇ ಉತ್ತರ ಕೊಟ್ಟಳು. ಮಾತಿನ ಮಧ್ಯೆ ಫೋನ್ ಕಟ್ಟಾಯಿತು. ಸುರಂಗ ಬಂದಿರಬೇಕು ಎಂದುಕೊಂಡು ನಾವು ಮತ್ತೆ ಅಂಕಿಯ ಕಡೆ ನೋಡಿದೆವು. ಕಾವಲುಗಾರನ ಪಾಠ ಮುಗಿಯುತ್ತ ಬಂದಿತ್ತು.

ಆ ಹೊತ್ತಿಗೆ ಸರಿಯಾಗಿ ಪರದೆ ಕಪ್ಪಾಯಿತು. ಫ್ಯಾನಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಗುಂಯ್ ಎಂದಿತು. ತಲೆಯೆತ್ತಿದರೆ ಬಾಗಿಲಲ್ಲಿ ಶರಣಪ್ಪ, ಕೈ ಒರೆಸಿಕೊಳ್ಳುತ್ತ, ಮುಖದಲ್ಲಿ ಗೆದ್ದ ಕಳೆ.

"ಆತು ನೋಡ್ರಿ. ಹೊರಗ ಬಟನ್ ಬಂದ್ ಮಾಡಿ ಚಾಲೂ ಮಾಡೀನಿ."

"ಅಯ್ಯೋ! ಯಾಕೆ ಮುಟ್ಟಿದಿರಿ ಅದನ್ನು?"

"ನಿಮ್ಮ ಸಾಹೇಬ್ರ ಫೋನ್ ಮಾಡಿದ್ರಲ್ರಿ ನನಗ, ಸುರಂಗ ದಾಟಿ ದಿವಾ ಸ್ಟೇಶನ್ ಬಂತು ಅಂತ ಹೇಳಿ. 'ಹೋಯ್ತಂತೆ ಶರಣಪ್ಪಾ, ಹುಡುಗಿ ಹೇಳಿದ್ಳು, ಆಂಟಿವೈರಸ್ ಹೋಯ್ತಂತೆ' ಅಂದ್ರು. ಹೋಗಿದ್ದಕ್ಕ ಮತ್ತೇನ್ ಮಾಡೂದ್ರಿ? ನಮ್ಮ ಪಂಪ್ ಹೋದ್ರ ಮೇನ್ ಸ್ವಿಚ್ ಒಮ್ಮಿ ಕೆಳಗ, ಒಮ್ಮಿ ಮ್ಯಾಲ. ತಾನs ಬರ್ತದ."

ನಾನು ಪ್ರಾಜಕ್ತಾಳ ಕಡೆ ತಿರುಗಿದೆ. "ಹೋಯ್ತು ಎಂದು ಹೇಳಿದೆಯಾ ನೀನು?"

ಅವಳ ಕಣ್ಣು ಅಗಲವಾದವು. "ಮೀ? ಮೀ ಮ್ಹಟಲಂ, ಹೋಯ್, ತೋ ಉಠತೋಯ್!"

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮರಾಠಿಯ ಹೋಯ್ ಎಂದರೆ ಹೌದು. ತೋ ಎಂದರೆ ಅವನು. ಉಠತೋಯ್ ಎಂದರೆ ಏಳುತ್ತಿದ್ದಾನೆ. "ಹೌದು, ಅವನು ಏಳುತ್ತಿದ್ದಾನೆ" ಎಂಬ ಒಳ್ಳೆಯ ಸುದ್ದಿ ಅದು. ಏಳುವುದನ್ನು ಸುರಂಗ ನುಂಗಿಬಿಟ್ಟಿತು. ಉಳಿದ "ಹೋಯ್, ತೋ" ಮಾತ್ರ ರಾವ್ ಸಾರ್ ಕಿವಿಗೆ ಬಿತ್ತು. ಇಷ್ಟು ವರ್ಷ ಠಾಣೆಯಲ್ಲಿದ್ದು, ತರಕಾರಿಯವಳಿಂದ ಹಿಡಿದು ನಗರಪಾಲಿಕೆಯವರೆಗೆ ಮರಾಠಿಯಲ್ಲೇ ವ್ಯವಹರಿಸುವ ಮನುಷ್ಯ. ಆದರೆ ಜೀವ ಬಾಯಿಗೆ ಬಂದಾಗ ಅವರ ಕಿವಿ ಸೀದಾ ಉಡುಪಿಗೆ ಹೋಗಿಬಿಡುತ್ತದೆ. ಅಲ್ಲಿ ಹೋಯ್ತು ಎಂದರೆ ಹೋಯ್ತು, ಕತೆ ಮುಗಿಯಿತು. ಪ್ರಾಜಕ್ತಾ ಎಬ್ಬಿಸಿದ ಆಂಟಿವೈರಸ್ ಪಾರ್ಸಿಕ್ ಸುರಂಗದಲ್ಲಿ ಸತ್ತಿತು. ಅದರ ಸುದ್ದಿ ಕೇಳಿ ಶರಣಪ್ಪ ಅದನ್ನು ನಿಜವಾಗಿಯೂ ಕೊಂದ.

ವಿಷಯ ತಿಳಿದಾಗ ಅವನ ಮುಖ ನೋಡಲಾಗುತ್ತಿರಲಿಲ್ಲ. "ನನ್ನ ಕೈಯಾರೆ ನಾನs ಹಾಳ ಮಾಡಿಕೊಂಡ್ನೇನ್ರಿ?" ಎಂದು ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಹಾಳಾಗಿಲ್ಲ. ಸ್ವಲ್ಪ ಉದ್ದವಾಯಿತು ಅಷ್ಟೆ" ಎಂದೆ. ಹೇಳುವಾಗ ನನಗೆ ಪೂರ್ತಿ ಧೈರ್ಯವಿರಲಿಲ್ಲ.

ಯಂತ್ರ ಮೊದಲು ತನ್ನ ಡಿಸ್ಕನ್ನೆಲ್ಲ ತಡವಿ ನೋಡಿಕೊಂಡಿತು. ಆಮೇಲೆ ಕಾವಲುಗಾರ ಹೊಸ ತಕರಾರು ತೆಗೆದ. ಮೇಲ್ ಪ್ರೋಗ್ರಾಂ ಮತ್ತು ಆಂಟಿವೈರಸ್ ನಡುವೆ ಕೊಡುಕೊಳ್ಳುವುದಕ್ಕೆ ಸಾಕೆಟ್ ಎಂಬ ಒಂದು ಕಿಟಕಿ ಇರುತ್ತದೆ, ಅದೂ ಒಂದು ಕಡತವೇ. ಮರ್ಯಾದೆಯಿಂದ ಬಂದ್ ಮಾಡಿದರೆ ಅವನು ಕಿಟಕಿಯನ್ನು ಕಿತ್ತು ಹೋಗುತ್ತಾನೆ. ಕರೆಂಟ್ ತೆಗೆದರೆ ಕಿಟಕಿ ಅಲ್ಲೇ ಉಳಿಯುತ್ತದೆ. ಹೊಸದಾಗಿ ಎದ್ದವನು ಅದನ್ನು ನೋಡಿ, ಇಲ್ಲಿ ಆಗಲೇ ಬೇರೊಬ್ಬ ಕೂತಿದ್ದಾನೆ, ನನಗೇನು ಕೆಲಸ ಎಂದು ವಾಪಸ್ ಹೊರಟುಬಿಡುತ್ತಿದ್ದ.

ಅಷ್ಟರಲ್ಲಿ ಸೇಠ್ ಒಳಗೆ ಬಂದರು. ದೊಡ್ಡ ದನಿಯವರಲ್ಲ, ಅದೇ ಹೆದರಿಕೆ.

"ಬೆಹೆನ್‌ಜೀ, ಬಂದ್ ಕರೋ ನಾ ಉಸ್ಕೋ. ಮೇಲ್ ಆನೇ ದೋ." ಕಾವಲೇ ಬೇಡ, ಮೇಲ್ ಬರಲಿ ಎನ್ನುತ್ತಿದ್ದರು.

ನಾನು ಖಾರಘರದ ಮೆಟ್ಟಿಲ ಮೇಲೆ ಕೂತಿದ್ದ ಮನುಷ್ಯನ ಕತೆ ಹೇಳಿದೆ. ಬರೆದುಕೊಟ್ಟರೆ ಬಂದ್ ಮಾಡುತ್ತೇನೆ, ಆದರೆ ನಾನಾಗಿ ಮಾಡುವುದಿಲ್ಲ ಎಂದೆ. ಸೇಠ್ ಶರಣಪ್ಪನ ಕಡೆ ನೋಡಿದರು. "ಗಾಡೀ ತೇರೀ ಹೈ. ತೂ ಬೋಲ್." ಗಾಡಿ ನಿನ್ನದು, ನೀನೇ ಹೇಳು ಎಂದರು.

ಶರಣಪ್ಪ ನನ್ನ ಹತ್ತಿರ ಬಂದು ದನಿ ಇಳಿಸಿದ. "ಅಕ್ಕಾರ, ಖರೇ ಹೇಳ್ರಿ. ಚೀಟಿ ಬರ್ತದೋ ಇಲ್ಲೋ?"

"ಬರುತ್ತದೆ. ಆದರೆ ಇವನು ಎದ್ದ ತಕ್ಷಣ ಬರುವುದಿಲ್ಲ. ಬೆಳಗ್ಗಿನಿಂದ ಅವರ ಸರ್ವರಿಗೆ ಆಮೇಲೆ ಬಾ ಎಂದು ಹೇಳಿ ಕಳಿಸಿದ್ದೇವೆ. ಅದು ತನ್ನ ಹೊತ್ತಿಗೆ ತಾನೇ ಬಂದು ಬಾಗಿಲು ತಟ್ಟಬೇಕು. ಸಂಜೆಯೊಳಗೆ ಬರುತ್ತದೆ ಎಂದು ನಾನು ಹೇಳಬಲ್ಲೆ. ಯಾವ ಗಳಿಗೆಗೆ ಎಂದು ಹೇಳಲಾರೆ."

"ಚೀಟಿ ಬರೂತನಕ ಗಾಡಿ ಇಲ್ಲೇ ನಿಂತ್ರ, ಶೀಲ್ ಫಾಟಾ ಟ್ರಾಫಿಕ್ಕಿನ್ಯಾಗ ಸಂಜೀಗೂ ಮುಟ್ಟಂಗಿಲ್ಲ. ಚೀಟಿ ಬರಲಾರದ ಗಾಡಿ ಅಲ್ಲಿ ಮುಟ್ಟಿದ್ರ, ಬಂದರದ ಹೊರಗ ನಾಯಿ ಹಂಗ ನಿಲ್ಲಬೇಕು." ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಆಮೇಲೆ ಸೇಠ್ ಕಡೆ ತಿರುಗಿ, ಕಾವಲು ಬಂದ್ ಮಾಡುವುದು ಬೇಡ, ಗಾಡಿ ಬಿಡುತ್ತೇನೆ, ಚೀಟಿಯನ್ನು ದಾರಿಯಲ್ಲಿ ಡ್ರೈವರನ ಫೋನಿಗೆ ಕಳಿಸುತ್ತೇನೆ ಎಂದ. ಟ್ರಕ್ಕು ಹೊರಟ ಸದ್ದು ಒಳಗೆ ಕೇಳಿಸಿತು. ಅವನ ಡಿಸ್ಪ್ಯಾಚ್ ವಿಭಾಗವೇ ನನ್ನ ಒಂದು ಮಾತಿನ ಮೇಲೆ ಶೀಲ್ ರಸ್ತೆಗೆ ಇಳಿದಿತ್ತು.

ಮುಂದಿನ ಕೆಲಸವನ್ನು ಅವಸರವಿಲ್ಲದೆ ಮಾಡಿದೆವು. ಕಿಟಕಿಯ ಹಿಂದೆ ನಿಜಕ್ಕೂ ಯಾರೂ ಇಲ್ಲ ಎಂದು ಮೊದಲು ಖಾತ್ರಿ ಮಾಡಿಕೊಂಡು, ಹಳೆಯ ಕಿಟಕಿಯನ್ನು ಕಿತ್ತೆವು. ಮೆಮೊರಿ ತಿನ್ನುತ್ತಿದ್ದ ಒಂದು ವರದಿ ಪ್ರೋಗ್ರಾಮನ್ನು ಮಲಗಿಸಿದೆವು. ಕಾವಲುಗಾರನನ್ನು ಅವನದೇ ಹೆಸರಿನಲ್ಲಿ ಎಬ್ಬಿಸಿದೆವು. ಪ್ರಾಜಕ್ತಾ ಈ ಸಲ ಫೋನನ್ನು ಡ್ರಾಯರಿನೊಳಗೆ ಇಟ್ಟಿದ್ದಳು. ಅಂಕಿ ಏರಿತು, ನಿಂತಿತು, ಲಾಗಿನಲ್ಲಿ "ಕಿವಿಗೊಟ್ಟು ಕೂತಿದ್ದೇನೆ" ಎಂಬರ್ಥದ ಸಾಲು ಬಂತು. ಆಂಟಿವೈರಸ್ ಪರೀಕ್ಷಿಸಲೆಂದೇ ಇರುವ ನಿರುಪದ್ರವಿ ಕಡತವೊಂದನ್ನು ಕಳಿಸಿ ನೋಡಿದೆವು. ಗಪ್ಪೆಂದು ಹಿಡಿಯಿತು. ಬಾಗಿಲು ತೆರೆದೆವು.

ಮೊದಲು ಬಂದವು ಚಿಲ್ಲರೆ ಮೇಲುಗಳು. ಆಮೇಲೆ ಪ್ರಾಜಕ್ತಾ ತಡೆಹಿಡಿದ ಮೇಲುಗಳ ಪಟ್ಟಿಯಲ್ಲಿ ಒಂದನ್ನು ತೋರಿಸಿದಳು. ವಿಷಯದ ಸಾಲಿನಲ್ಲಿ ಕಂಟೇನರ್, ಗೇಟ್ ಚೀಟಿ ಎಂದೆಲ್ಲ ಇತ್ತು. ಶರಣಪ್ಪ ಕುರ್ಚಿ ಒದ್ದು ಎದ್ದ.

"ಅದs ರೀ ನಂದು! ಬಿಡ್ರಿ ಅದನ್ನ ಒಳಗ!"

"ಇರಿ, ಇದು ಬೇರೆ ಎಲ್ಲಿಂದಲೋ ಬಂದಿದೆ. ಕಾವಲುಗಾರ ಹಿಡಿದಿದ್ದಾನೆ."

"ನಿಮ್ಮ ಕಾವಲುಗಾರಗ ಮುಂಜಾನಿಂದ ಕಣ್ಣ ಕಾಣವಲ್ದು, ಈಗ ನನ್ನ ಚೀಟೀನೇ ಹಿಡಿತಾನೇನ್ರಿ? ನಿಮಗೇನ್ರಿ ಅಕ್ಕಾರ, ನೀವು ನಾಳಿ ಬ್ಯಾರೆ ಗಿರಾಕಿ ಕಡೆ ಹೋಗ್ತೀರಿ. ನಾ ಚೀಲ ಹೊರಬೇಕು!"

ನಾನು ಆ ಮೇಲ್ ಕಳಿಸಿದವರ ವಿಳಾಸವನ್ನು ದೊಡ್ಡ ಅಕ್ಷರ ಮಾಡಿ ತೋರಿಸಿದೆ. ಅವನ ಏಜೆಂಟನ ಹೆಸರಿನಂತೆಯೇ ಇತ್ತು, ನಡುವೆ ಒಂದು ಅಕ್ಷರ ಮಾತ್ರ ಬೇರೆ. ಎರಡು ಬೆರಳಲ್ಲಿ ಆ ವಿಳಾಸವನ್ನು ಎಷ್ಟೋ ಸಲ ಟೈಪ್ ಮಾಡಿದವನು ಅವನು. ಒಂದೊಂದೇ ಅಕ್ಷರ ಓದಿ, ಆ ಜಾಗದಲ್ಲಿ ನಿಂತ. ಆಮೇಲೆ ಒದ್ದ ಕುರ್ಚಿಯನ್ನು ಎತ್ತಿ ನೆಟ್ಟಗಿಟ್ಟು ಅದರಲ್ಲಿ ಕೂತ.

ಅದೇ ಹೊತ್ತಿಗೆ ರಾವ್ ಸಾರ್ ರಿಕ್ಷಾ ಇಳಿದು ಬೆವರುತ್ತ ಬಂದರು. ಬೇರೆ ಸರ್ವರ್ ತರಿಸುವ ವ್ಯವಸ್ಥೆಯನ್ನೂ ಮಾಡಿಕೊಂಡು ಬಂದಿದ್ದರು. ವಿಷಯ ಕೇಳಿ ಹಣೆ ಚಚ್ಚಿಕೊಂಡರು.

"ಪ್ರಾಜಕ್ತಾ, ಇನ್ನು ಮೇಲೆ ಫೋನಿನಲ್ಲಿ ಹೋಯ್ ಅಂತ ಹೇಳಬೇಡ ಮಾರಾಯ್ತಿ."

ಮರಾಠಿಯಲ್ಲಿ ಹೌದು ಎನ್ನಲು ಇನ್ನೊಂದು ಪದವೂ ಇದೆ. ಅವಳು ತಲೆಯಾಡಿಸಿ ಅದನ್ನೇ ಅಂದಳು: "ಹೋ."

"ಅದೂ ಬೇಡ!"

ಸೇಠ್ ಕೂಡ ನಕ್ಕರು. ಶರಣಪ್ಪ ಒಬ್ಬನೇ ನಗಲಿಲ್ಲ. ಅವನು ಪರದೆಯಿಂದ ಕಣ್ಣು ಕೀಳಲಿಲ್ಲ. ಡ್ರೈವರ್ ಎರಡು ಸಲ ಫೋನ್ ಮಾಡಿದ. ಮಹಾಪೆ ದಾಟಿದೆ, ಚೀಟಿ ಎಲ್ಲಿ? ಉರಣ್ ರಸ್ತೆಗೆ ಬಂದೆ, ಚೀಟಿ ಎಲ್ಲಿ? "ಬರ್ಲಕತ್ತದ, ನೀ ನಡಿ" ಎಂದ ಶರಣಪ್ಪ, ನಾನು ಹೇಳಿದ ಧಾಟಿಯಲ್ಲೇ.

ಬಿಸಿಲು ಬಾಗುವ ಹೊತ್ತಿಗೆ ಏಜೆಂಟನ ಸರ್ವರ್ ಮತ್ತೆ ಬಂದು ಬಾಗಿಲು ತಟ್ಟಿತು. ಕಾವಲುಗಾರ ಮೂಸಿದ, ಸರಿದು ನಿಂತ, ಮೇಲ್ ಒಳಗೆ ಬಂತು. ಈ ಸಲ ಶರಣಪ್ಪ ಕೂಗಲಿಲ್ಲ. ಮೊದಲು ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿದ. ಆಮೇಲೆ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದ ಮೇಲೆ ತೆರೆದು, ಡ್ರೈವರನಿಗೆ ಕಳಿಸಿದ. ಕತ್ತಲಾಗುವ ಮೊದಲು ಅತ್ತಲಿಂದ ಒಂದು ಫೋಟೋ ಬಂತು: ಟ್ರಕ್ಕಿನ ಕನ್ನಡಿ, ಕನ್ನಡಿಯಲ್ಲಿ ಹಿಂದೆ ಸರಿದ ಬಂದರಿನ ಗೇಟು.

ಸೇಠ್ ಎದ್ದು ನಿಂತು, ಕನ್ನಡಕ ಕಿಸೆಗಿಟ್ಟುಕೊಂಡರು. "ಡಿಸ್ಪ್ಯಾಚ್ ತೇರಾ. ಕಲ್ ಸೇ ಟೇಬಲ್ ಲೇ ಲೇ." ನಾಳೆಯಿಂದ ಮೇಜು ನಿನ್ನದು ಎಂದು ಹೊರಟವರನ್ನು ಶರಣಪ್ಪ ನಿಲ್ಲಿಸಿದ.

"ಸೇಠ್, ಟೇಬಲ್ ಬಾದ್ ಮೇ. ಪೆಹೆಲೇ ಇಸ್ ಡಬ್ಬೇ ಕೋ ಮೆಮೊರಿ ಚಾಹಿಯೇ." ಮೇಜು ಆಮೇಲೆ, ಮೊದಲು ಈ ಡಬ್ಬಿಗೆ ಮೆಮೊರಿ ಬೇಕು ಎಂದ.

"ಬೆಹೆನ್‌ಜೀ ನೇ ಬೋಲಾ?"

"ನಹೀ ಸೇಠ್. ಡಿಸ್ಪ್ಯಾಚ್ ಬೋಲ್ ರಹಾ ಹೈ." ಇದು ನಾನು ಹೇಳಿಕೊಟ್ಟದ್ದಲ್ಲ, ಡಿಸ್ಪ್ಯಾಚ್ ವಿಭಾಗವೇ ಹೇಳುತ್ತಿದೆ ಎಂದ.

ಸೇಠ್ ಬಾಗಿಲಲ್ಲೇ ನಿಂತು ಒಮ್ಮೆ ನನ್ನನ್ನು, ಒಮ್ಮೆ ಆ ಹಳೆಯ ಯಂತ್ರವನ್ನು ನೋಡಿದರು. ಮೆಮೊರಿಗೆ ವರ್ಷಗಟ್ಟಲೆ ಇಲ್ಲ ಎಂದಿದ್ದ ಮನುಷ್ಯ ಆ ವಾರವೇ ತರಿಸಿಕೊಟ್ಟರು. ಹಾಕುವ ದಿನ ನಾನು ಹೋದಾಗ ಶರಣಪ್ಪನ ಮೇಜು ಇನ್ನೂ ಬಂದಿರಲಿಲ್ಲ. ಅವನು ಅಂಗಳದಲ್ಲಿ ನಿಂತುಕೊಂಡೇ ಮುಂದಿನ ಕಂಟೇನರ್ ತುಂಬಿಸುತ್ತಿದ್ದ.